ಏರಿದ ತೆರಿಗೆ ಯಾರ ಪಾಲಿಗೆ?

ಸಾರ್ವಜನಿಕ ಹಣದಿಂದ ರಸ್ತೆ, ನೀರು, ಬಸ್ ನಿಲ್ದಾಣ ಬಂದೊಡನೆ ಸುತ್ತಲಿನ ನಿವೇಶನಗಳ ಬೆಲೆ ಏರುತ್ತದೆ. ಲಾಭ ಮಾಲೀಕನಿಗೆ, ಏರಿದ ಬಾಡಿಗೆಯ ಭಾರ ಬಡವನಿಗೆ. ಇದು ನ್ಯಾಯವೇ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1952ರಿಂದ, ಅಭಿವೃದ್ಧಿಪಡಿಸಿದ ಪ್ರದೇಶದ ಹೆಚ್ಚುವರಿ ಆಸ್ತಿ ತೆರಿಗೆಯನ್ನು ಅಲ್ಲಿಗೇ ಮೀಸಲಿಟ್ಟಿತು. 1976ರ ಕಾನೂನು ಅದರಲ್ಲಿ ಶೇ. 20ರಷ್ಟನ್ನು ಅಲ್ಪ ಹಾಗೂ ಮಧ್ಯಮ ಆದಾಯದವರ ವಸತಿಗೆ ಕಡ್ಡಾಯಗೊಳಿಸಿತು. ಆ ವ್ಯವಸ್ಥೆ 2012ರಲ್ಲಿ ಅಲ್ಲಿ ರದ್ದಾದರೂ, ಅದರ ತತ್ವ ನಮ್ಮ ಕೇಂದ್ರ ಸರಕಾರದ 2017ರ ನೀತಿಯಲ್ಲಿದೆ.

ಬೈಲಹೊಂಗಲ, ಸವದತ್ತಿ, ರಾಮದುರ್ಗ ಪುರಸಭೆಗಳೂ ಕಿತ್ತೂರು ಪಟ್ಟಣ ಪಂಚಾಯತಿಯೂ ಈ ಲೆಕ್ಕ ಇಡಲಿ. ಸಣ್ಣ ಊರುಗಳಲ್ಲಿ ಏರಿಕೆ ಅಲ್ಪ. ಅದನ್ನು ನಂಬಿ ಸಾಲ ಮಾಡುವುದು ಬೇಡ. ಬಂದುದರಲ್ಲಿ ಒಂದು ಪಾಲನ್ನು ಬಾಡಿಗೆ ಮನೆಯವರ ಸೂರಿಗಾಗಿ ತೆಗೆದಿಡಬೇಕೆಂದು ನಾವು ಆಗ್ರಹಿಸುತ್ತೇವೆ. ಮತ ಕೇಳಲು ಬರುವವರನ್ನು ವಾಚಕರು ಮೊದಲು ಇದನ್ನೇ ಕೇಳಲಿ.