ತೊಟ್ಟಿಯ ಸುತ್ತ ನಿಂತವರು

1431ರ ಫೆಬ್ರವರಿ 21. ಫ್ರಾನ್ಸಿನ ರುವಾಂ ಕೋಟೆಯಲ್ಲಿ ಜೋನ್ ಆಫ್ ಆರ್ಕ್ ವಿಚಾರಣೆಗೆ ನಿಂತ ಮೊದಲ ದಿನ. ಆಣೆ ಮಾಡಿಸುವ ಜಗ್ಗಾಟ ಮುಗಿದ ಮೇಲೆ ಕೇಳಿದ್ದು ಯುದ್ಧದ ವಿಷಯವಲ್ಲ. ಹೆಸರೇನು, ಹುಟ್ಟಿದ್ದೆಲ್ಲಿ, ಜ್ಞಾನಸ್ನಾನ ಯಾವ ಚರ್ಚಿನಲ್ಲಾಯಿತು, ಮಾಡಿಸಿದ ಪಾದ್ರಿ ಯಾರು?

ದೋಂರೆಮಿಯ ಚರ್ಚಿನಲ್ಲಿ ಎಂದಳು ಹುಡುಗಿ. ಜ್ಞಾನತಾಯಂದಿರು ಆಗ್ನೆಸ್, ಝಾನ್, ಸಿಬಿಲ್. ಜ್ಞಾನತಂದೆಯರು ಝಾಂ ಲಿಂಗೆ, ಝಾಂ ಬಾರೆ. ಇನ್ನೂ ಕೆಲವರಿದ್ದರೆಂದು ಅಮ್ಮ ಹೇಳುತ್ತಿದ್ದಳು. ಪಾದ್ರಿ ಬಹುಶಃ ಝಾಂ ಮಿನೆ. ವಯಸ್ಸು? ಹತ್ತೊಂಬತ್ತು ಇರಬಹುದು.

ಆ 'ಇರಬಹುದು' ಓದಿದಾಗಲೆಲ್ಲ ನನ್ನ ಕರುಳು ಚುರ್ ಎನ್ನುತ್ತದೆ. ಹುಟ್ಟಿದ ತಾರೀಖನ್ನು ಯಾರೂ ಬರೆದಿಟ್ಟಿರಲಿಲ್ಲ. ಜ್ಞಾನಸ್ನಾನವನ್ನು ತಪ್ಪದೆ ದಾಖಲಿಸಬೇಕೆಂದು ದೊರೆ ಮೊದಲನೇ ಫ್ರಾನ್ಸಿಸ್ ಫ್ರೆಂಚ್ ಪಾದ್ರಿಗಳಿಗೆ ಆಜ್ಞೆ ಹೊರಡಿಸಿದ್ದು 1539ರಲ್ಲಿ. ಅಲ್ಲಿಯವರೆಗೆ ಹಳ್ಳಿಯ ಕೂಸಿಗೆ ಜನನಪತ್ರವೆಂದರೆ ಚರ್ಚಿನ ಕಲ್ಲಿನ ತೊಟ್ಟಿ ಮತ್ತು ಅದರ ಸುತ್ತ ನಿಂತವರ ನೆನಪು.

ಕೂಸು ಹುಟ್ಟಿದ ಒಂದೆರಡು ದಿನದಲ್ಲೇ ಎತ್ತಿಕೊಂಡು ಹೋಗುತ್ತಿದ್ದರು. ಚರ್ಚಿನ ಬಾಗಿಲಲ್ಲೇ ಪಾದ್ರಿ ಹೆಸರು ಕೇಳಿ ನಾಲಿಗೆಗೆ ಉಪ್ಪಿನ ಹರಳು ಮುಟ್ಟಿಸುತ್ತಿದ್ದ. ತೊಟ್ಟಿಯಲ್ಲಿರುತ್ತಿದ್ದುದು ಈಸ್ಟರ್ ಮುನ್ನಾದಿನ ಮಂತ್ರಿಸಿದ ನೀರು. ಯಾರಾದರೂ ಮಾಟಕ್ಕೆ ಕದ್ದೊಯ್ದಾರೆಂಬ ಭಯಕ್ಕೆ ಅದಕ್ಕೆ ಮುಚ್ಚಳ, ಎಷ್ಟೋ ಕಡೆ ಬೀಗ. ಎದೆಗೂ ಬೆನ್ನಿಗೂ ಎಣ್ಣೆ, ಮೂರು ಸಲ ನೀರು, ಆಮೇಲೆ ಬಿಳಿ ಬಟ್ಟೆ. ಬಾಣಂತಿ ಮಾತ್ರ ಅಲ್ಲಿರುತ್ತಿರಲಿಲ್ಲ. ಶುದ್ಧಿಯ ವಿಧಿ ಆಗುವವರೆಗೆ ಅವಳು ಚರ್ಚಿನ ಹೊಸ್ತಿಲು ತುಳಿಯುವ ರೂಢಿಯಿರಲಿಲ್ಲ. ಹಾಗಾಗಿ ತಾಯಿ ಇಸಬೆಲ್ ಮಗಳಿಗೆ ಹೇಳಿದ್ದು ಕೂಡ ತಾನು ಕಂಡದ್ದನ್ನಲ್ಲ, ಕೂಸನ್ನು ಮರಳಿ ಮಡಿಲಿಗೆ ಹಾಕಿದವರಿಂದ ಕೇಳಿದ್ದನ್ನೇ ಇರಬೇಕು.

ಮ್ಯೂಸ್ ನದಿಯ ದಂಡೆಯ ಆ ಚರ್ಚು ಸಂತ ರೆಮಿಯದು. ಊರಿನ ಹೆಸರಿನಲ್ಲಿಯೂ ಅವನೇ ಇದ್ದಾನೆ. ಫ್ರಾಂಕರ ದೊರೆ ಕ್ಲೋವಿಸ್‌ಗೆ ರೀಮ್ಸ್‌ನಲ್ಲಿ ಜ್ಞಾನಸ್ನಾನ ಮಾಡಿಸಿದ ಬಿಷಪ್ ಅವನು. ಫ್ರೆಂಚ್ ದೊರೆಗಳು ಪಟ್ಟಕ್ಕೇರಲು ರೀಮ್ಸ್‌ಗೇ ಹೋಗುತ್ತಿದ್ದುದು ಆ ನೆನಪಿನಿಂದ. 1429ರ ಜುಲೈ 17ರಂದು ಏಳನೇ ಚಾರ್ಲ್ಸ್‌ನ ಪಟ್ಟಾಭಿಷೇಕಕ್ಕೆ ದಾರಿ ಮಾಡಿಕೊಟ್ಟವಳು ರೆಮಿಯ ಹೆಸರಿನ ಚರ್ಚಿನಲ್ಲಿ ತಲೆಗೆ ನೀರು ಬಿದ್ದ ಈ ರೈತನ ಮಗಳು. ಕೇಳಿ ಬೆಳೆದ ಸಂತನ ಹೆಸರು ಅವಳನ್ನು ಆ ಕಡೆಗೆ ಎಳೆದಿರಲಾರದೇ?

1431ರ ಮೇ 30ರಂದು ಅವಳನ್ನು ಸುಟ್ಟರು. ಇಪ್ಪತ್ತೈದು ವರ್ಷದ ಮೇಲೆ ಆ ತೀರ್ಪಿನ ಮರುವಿಚಾರಣೆಗಾಗಿ ಅಧಿಕಾರಿಗಳು ದೋಂರೆಮಿಗೆ ಬಂದು ಮತ್ತೆ ಅದನ್ನೇ ಕೇಳಿದರು: ಎಲ್ಲಿ ಹುಟ್ಟಿದಳು, ಜ್ಞಾನತಂದೆತಾಯಿ ಯಾರು? ಪಕ್ಕದ ಗ್ರೂ ಹಳ್ಳಿಯ ರೈತ ಝಾಂ ಮೊರೋ, ಎಪ್ಪತ್ತರ ಆಸುಪಾಸಿನವನು, ಮುಂದೆ ಬಂದ. ಝಾನೆತ್‌ಗೆ (ಊರವರು ಕರೆಯುತ್ತಿದ್ದುದು ಹಾಗೆ) ಸಂತ ರೆಮಿ ಚರ್ಚಿನಲ್ಲಿ ಜ್ಞಾನಸ್ನಾನವಾಯಿತು, ಜ್ಞಾನತಂದೆಯರಲ್ಲಿ ತಾನೂ ಒಬ್ಬ ಎಂದ. ಬೆಯಾತ್ರಿಸ್ ಎಂಬ ಮುದುಕಿಯೂ ತಾನು ಜ್ಞಾನತಾಯಿ ಎಂದು ಸಾಕ್ಷಿ ನುಡಿದಳು. ಹುಡುಗಿ ರುವಾಂನಲ್ಲಿ ಹೇಳಿದ ಹೆಸರುಗಳಲ್ಲಿ ಇವರಿಬ್ಬರೂ ಇರಲಿಲ್ಲ. ಇನ್ನೂ ಕೆಲವರಿದ್ದರು ಎಂದಿದ್ದಳಲ್ಲ, ಅವರು ಇವರು.