ರಸ್ತೆ ಹತ್ತಿರವಾಯ್ತು, ಬಂದರಿನ ಬಿಲ್ ಹಾಗೇ ಇದೆ

ಹೊಸಕೋಟೆ: ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗೋದೇ ನಮ್ಮ ಹೊಸಕೋಟೆಯಿಂದ. ಸುಮಾರು 262 ಕಿ.ಮೀ. ಉದ್ದದ ಈ ರಸ್ತೆಯ ಕರ್ನಾಟಕದ ಭಾಗದಲ್ಲಿ ಆಗಲೇ ಗಾಡಿಗಳು ಓಡಾಡುತ್ತಿವೆ. ಪೂರ್ತಿ ಮುಗಿದರೆ ಚೆನ್ನೈ ಬಂದರಿಗೆ ಮಾಲು ಬೇಗ ತಲುಪುತ್ತೆ, ಡೀಸೆಲ್ ಉಳಿಯುತ್ತೆ. ಅದು ನಿಜ. ಆದ್ರೆ ಲಾರಿ ಬಂದರಿನ ಗೇಟು ದಾಟಿದ ಮೇಲೆ ಬೀಳೋ ಒಂದು ಬಿಲ್ಲಿಗೂ ಈ ರಸ್ತೆಗೂ ಸಂಬಂಧವೇ ಇಲ್ಲ.

ಅದು ಟರ್ಮಿನಲ್ ಹ್ಯಾಂಡ್ಲಿಂಗ್ ಚಾರ್ಜ್, ರಫ್ತುದಾರರ ಬಾಯಲ್ಲಿ ಟಿಎಚ್‌ಸಿ. ಕಂಟೇನರ್ ಇಳಿಸಿ, ಯಾರ್ಡ್‌ನಲ್ಲಿ ಪೇರಿಸಿ, ಕ್ರೇನ್‌ನಲ್ಲಿ ಎತ್ತಿ ಹಡಗಿಗೆ ಹಾಕೋ ಕೂಲಿ ಅಂದುಕೊಳ್ಳಿ. ಕೆಲಸ ಮಾಡೋದು ಬಂದರಿನ ಟರ್ಮಿನಲ್, ಬಿಲ್ ಕೊಡೋದು ಹಡಗು ಕಂಪನಿ. ಎಡವಟ್ಟು ಇರೋದೇ ಇಲ್ಲಿ. ಟರ್ಮಿನಲ್‌ಗೆ ಕಂಪನಿ ಕಟ್ಟೋ ದುಡ್ಡು, ರಫ್ತುದಾರನಿಂದ ವಸೂಲಿ ಮಾಡೋ ದುಡ್ಡು ಒಂದೇ ಇರಬೇಕು ಅಂತೇನಿಲ್ಲ. ಅದೇ ಬಂದರು, ಅದೇ ಕ್ರೇನ್. ಕಂಪನಿ ಬದಲಾದ್ರೆ ಬಿಲ್ಲೂ ಬದಲಾಗಬಹುದು.

1997ರಲ್ಲಿ ಬಂದ ಪ್ರಮುಖ ಬಂದರುಗಳ ದರ ಪ್ರಾಧಿಕಾರ ನೋಡ್ತಿದ್ದದ್ದು ಬಂದರು ಮತ್ತು ಟರ್ಮಿನಲ್‌ಗಳ ದರವನ್ನ. ಹಡಗು ಕಂಪನಿ ತನ್ನ ಗಿರಾಕಿಗೆ ಹಾಕೋ ಟಿಎಚ್‌ಸಿ ಅದರ ಕೈಯಲ್ಲಿರಲಿಲ್ಲ. 2021ರ ಕಾಯ್ದೆ ಬಂದ ಮೇಲೆ ಬಂದರು ದರ ನಿಗದಿಯೂ ಆಯಾ ಬಂದರಿನ ಮಂಡಳಿಗೇ ಹೋಯ್ತು. ಸಣ್ಣ ರಫ್ತುದಾರನಿಗೆ ಉಳಿದದ್ದು ಚೌಕಾಸಿ.

ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳೋದಿಲ್ಲ. ಟಿಎಚ್‌ಸಿ ಪೆಟ್ಟಿಗೆ ಲೆಕ್ಕ: 20 ಅಡಿಗೆ ಒಂದು ದರ, 40 ಅಡಿಗೆ ಇನ್ನೊಂದು. ಒಳಗಿರೋ ಮಾಲಿನ ಬೆಲೆ ಅದಕ್ಕೆ ಬೇಕಿಲ್ಲ. ಲೆಕ್ಕಕ್ಕೆ 10,000 ರೂ. ಅಂತಲೇ ಇಟ್ಟುಕೊಳ್ಳಿ. ಕಂಟೇನರ್‌ನಲ್ಲಿ 1 ಕೋಟಿ ರೂ. ಬೆಲೆಯ ಯಂತ್ರದ ಬಿಡಿಭಾಗ ಇದ್ರೆ ಅದು ಶೇ 0.1. 10 ಲಕ್ಷದ ಮಿಡಿಸೌತೆ ಡ್ರಮ್ಮುಗಳಿದ್ರೆ ಶೇ 1. ಗರ್ಕಿನ್ ಅಂತ ಕರೆಯೋ ಈ ಮಿಡಿಸೌತೆ 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲೇ ಶುರುವಾದ ರಫ್ತು ಬೆಳೆ. 2020–21ರಲ್ಲಿ ದೇಶದಿಂದ ಸೌತೆ, ಮಿಡಿಸೌತೆ ಎರಡೂ ಸೇರಿ 2.23 ಲಕ್ಷ ಟನ್‌ಗೂ ಹೆಚ್ಚು ಹೊರಗೆ ಹೋಗಿತ್ತು. ಬಹುಪಾಲು ಒಪ್ಪಂದದ ಬೇಸಾಯ. ಬಂದರಲ್ಲಿ ಕಳ್ಕೊಂಡ ಶೇ 1ನ್ನ ಮುಂದಿನ ಹಂಗಾಮಿನ ಕೆ.ಜಿ. ದರದಲ್ಲಿ ಹಿಡಿಯೋಕೆ ಕಂಪನಿಗೆ ಕಷ್ಟವೇನಿಲ್ಲ.

ಹಾಗಾದ್ರೆ ಏನು ಮಾಡಬಹುದು? ಮೊದಲು ಕರಾರು ನೋಡಬೇಕು. ಎಫ್‌ಒಬಿ ದರ ಕೊಟ್ಟರೆ ಹಡಗಿಗೆ ಏರಿಸೋವರೆಗಿನ ಖರ್ಚು ಮಾರುವವನದ್ದೇ, ಅಂದ್ರೆ ಇಲ್ಲಿನ ಟಿಎಚ್‌ಸಿ ಕೂಡ. ಇದನ್ನ ಸೇರಿಸದೆ ದರ ಹೇಳಿ, ಆಮೇಲೆ ಕೈ ಸುಟ್ಟುಕೊಳ್ಳೋದು ಹೊಸಬರ ಕತೆ. ಹಡಗಿನ ಬಾಡಿಗೆ ಕಡಿಮೆ ಅಂತ ಏಜೆಂಟ್ ಹೇಳಿದ ಕೂಡಲೇ ಹೂಂ ಅನ್ನಬಾರದು. ಬಾಡಿಗೆ, ಟಿಎಚ್‌ಸಿ, ದಾಖಲೆ ಶುಲ್ಕ, ಸೀಲ್ ಶುಲ್ಕ ಬಿಡಿಬಿಡಿಯಾಗಿ ಬರೆದುಕೊಡಿ ಅಂತ ಎರಡು ಮೂರು ಕಡೆ ಕೇಳಿ, ಒಟ್ಟು ಮೊತ್ತ ಹೋಲಿಸಬೇಕು. ಚೆನ್ನೈ ಜೊತೆಗೆ ಕಾಟುಪಳ್ಳಿ, ಎಣ್ಣೂರಿನ ದರವನ್ನೂ ಕೇಳಬಹುದು. ಜಿಎಸ್‌ಟಿ ಶೇ 18 ಬೇರೆ. ರಫ್ತುದಾರನಿಗೆ ಅದು ವಾಪಸ್ ಬರುತ್ತೆ, ಆದ್ರೆ ಬರೋವರೆಗೆ ಬಂಡವಾಳ ಸಿಕ್ಕಿಕೊಂಡಿರುತ್ತೆ.

ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋದಿಂದ ರೈಲಿಗೆ ಹಾಕೋರು ಇನ್ನೊಂದು ವಿಷಯ ಗಮನಿಸಬೇಕು. ಅಲ್ಲಿ ಎತ್ತಿಳಿಸೋ ಶುಲ್ಕ, ರೈಲು ಬಾಡಿಗೆ ಬೇರೆ, ಬಂದರಿನ ಟಿಎಚ್‌ಸಿ ಬೇರೆ. ಒಂದೇ ಕೆಲಸ ಎರಡು ಹೆಸರಲ್ಲಿ ಬಿಲ್ಲಿಗೆ ಬಂದಿದೆಯಾ ಅಂತ ಸಾಲು ಸಾಲಾಗಿ ನೋಡಿ, ಅನುಮಾನ ಬಂದ ಸಾಲಿಗೆ ರಸೀದಿ ಕೇಳಬೇಕು.