ತೊಪ್ಪಿಗೆ ರವೆ ಹಚ್ಚುವ ಹೊತ್ತು
ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಈ ವಾರ ಚೀಟಿಯೊಂದು ಬಂದಿದೆ: ‘ಮನೆಯಲ್ಲಿ ಮೃದಂಗ ಬಾರಿಸಕೂಡದು.’ ಮೂರನೇ ಮಹಡಿಯ ಹುಡುಗಿ ಅದನ್ನು ಓದಿ ತಲೆ ತಗ್ಗಿಸಿ ಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಬೆಳಗ್ಗೆ ಆರೂವರೆಗೆ ಮಿಕ್ಸಿ ಗುರುಗುಟ್ಟಿದರೆ, ಕುಕ್ಕರ್ ಕೂಗಿದರೆ ಯಾರೂ ಚೀಟಿ ಅಂಟಿಸುವುದಿಲ್ಲ. ಅಡುಗೆ ಅಗತ್ಯ, ಅಭ್ಯಾಸ ಶೋಕಿ ಎಂಬ ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಕೆಳಮನೆಯವರ ಸಂಕಟ ಸುಳ್ಳಲ್ಲ. ಗೋಡೆಗೆ ಮೊಟ್ಟೆಯ ಟ್ರೇ ಬಡಿದರೆ ಕೋಣೆಯೊಳಗಿನ ಮಾರ್ದನಿ ಒಂದಿಷ್ಟು ತಗ್ಗೀತು, ಆಚೆ ಹೋಗುವ ಸದ್ದು ನಿಲ್ಲದು. ಅದರಲ್ಲೂ ಎಡಗೈಯ ಮಂದ್ರ ನಾದ ಗೋಡೆ, ನೆಲ ಯಾವುದನ್ನೂ ಲೆಕ್ಕಕ್ಕಿಡುವುದಿಲ್ಲ. ಆದರೆ ಮೃದಂಗದ ಪಾಠದಲ್ಲೇ ದಾರಿಯಿದೆ. ಪಾಠ ಮೊದಲು ಬಾಯಿಗೆ, ಆಮೇಲೆ ಕೈಗೆ. ತಕಧಿಮಿ, ತಕಜೊಣು ಎಂದು ತಾಳ ಹಾಕುತ್ತಾ ಮೂರು ಕಾಲದಲ್ಲಿ ಹೇಳಿಕೊಂಡರೆ ಲಯ ಗಟ್ಟಿಯಾಗುತ್ತದೆ, ಪಕ್ಕದ ಮನೆಯ ಮಗುವೂ ಏಳುವುದಿಲ್ಲ. ಬೆರಳಿನ ಸಾಧನೆಗೆ ರಬ್ಬರ್ ಹಾಳೆ ಸಾಕು, ಇಲ್ಲವೇ ತೊಪ್ಪಿಗೆ, ಅಂದರೆ ಎಡಬದಿಯ ಮುಖಕ್ಕೆ, ರವೆ ಹಚ್ಚದ ಮೃದಂಗ. ರವೆಯ ಕಣಕವಿಲ್ಲದೆ ಆ ಗುಂಕಾರ ಹುಟ್ಟುವುದೇ ಇಲ್ಲ. ಆದರೂ ನಾದವನ್ನು ಕಿವಿಯೇ ಕಲಿಯಬೇಕು, ಅದನ್ನು ರಬ್ಬರ್ ಕಲಿಸದು. ಆ ಹುಡುಗಿಗೆ ದಿನಕ್ಕೆ ಅರ್ಧ ಗಂಟೆಯಾದರೂ ರವೆ ಹಚ್ಚಿದ ಮೃದಂಗ ಬೇಕೇ ಬೇಕು. 2000ರ ಶಬ್ದಮಾಲಿನ್ಯ ನಿಯಮಗಳು ರಾತ್ರಿಯೆಂದು ಕಾಯುವುದು 10ರಿಂದ ಬೆಳಗಿನ 6ರವರೆಗೆ. ಸಂಜೆಯನ್ನು ನಾವು ನಾವೇ ಹಂಚಿಕೊಳ್ಳಬೇಕು. ‘ಸಂಜೆ 5ರಿಂದ 5.30, ಮೃದಂಗಕ್ಕೆ’ ಎಂದು ಬರೆದು, ಸಹಿ ಹಾಕಿ, ಆ ಚೀಟಿಯ ಪಕ್ಕದಲ್ಲೇ ಅಂಟಿಸಿದ್ದೇನೆ. ನಿನ್ನೆ ಅದರ ಕೆಳಗೆ ಇನ್ನೆರಡು ಸಹಿ ಬಿದ್ದಿದ್ದವು.